ರಸ್ತೆಗೂ ಕಂಬಿಗೂ ಒಪ್ಪುವ ಗಾಲಿ

ರೈಲಿನಲ್ಲಿ ಪ್ರಯಾಣ ಮಾಡುವವರೆಲ್ಲರಿಗೂ ತಿಳಿದ ಒಂದು ಕಷ್ಟವುಂಟು. ನೂರು ಮೈಲಿಯ ದಾರಿ ಸುಖವಾಗಿ ಸಾಗಿಬಿಡುತ್ತದೆ. ನಿಲ್ದಾಣದಿಂದ ಮನೆಯವರೆಗಿನ ಎರಡು ಮೈಲಿಯ ದಾರಿ ಮಾತ್ರ ಸಾಗುವುದೇ ಇಲ್ಲ. ಗಂಟುಮೂಟೆಗಳನ್ನು ಇಳಿಸಬೇಕು, ಬೇರೊಂದು ವಾಹನವನ್ನು ಹುಡುಕಬೇಕು, ಬಾಡಿಗೆಯ ಚೌಕಾಸಿ ಮಾಡಬೇಕು. ವೃದ್ಧರಿಗೂ ಕಂಕುಳಲ್ಲಿ ಕೂಸುಳ್ಳ ತಾಯಂದಿರಿಗೂ ಇದು ಸಣ್ಣ ತೊಂದರೆಯಲ್ಲ. ಸರಕಿನ ವಿಷಯದಲ್ಲಿಯಾದರೋ ಪ್ರತಿಯೊಂದು ಸಲ ಇಳಿಸಿ ಏರಿಸುವುದಕ್ಕೂ ಕೂಲಿ ತೆರಬೇಕು. ಕಂಬಿಯ ಮೇಲೆ ಬಂದ ಬಂಡಿಯೇ ನಿಲ್ದಾಣದಲ್ಲಿ ಕಂಬಿಯನ್ನು ಬಿಟ್ಟು, ರಸ್ತೆಗಿಳಿದು, ನಮ್ಮ ಬೀದಿಯವರೆಗೂ ಬಂದುಬಿಟ್ಟರೆ ಎಷ್ಟು ಚೆನ್ನ! ಈ ಆಸೆ ಹೊಸದೇನೂ ಅಲ್ಲ. ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಹಲವು ದೇಶಗಳ ಎಂಜಿನಿಯರುಗಳು ಇದರ ಬೆನ್ನುಹತ್ತಿದ್ದಾರೆ. ಅದು ಏಕೆ ಸುಲಭವಾಗಿ ಕೈಗೂಡಲಿಲ್ಲ, ಕೈಗೂಡಿದ ಕಡೆ ಹೇಗೆ ಕೈಗೂಡಿತು ಎಂಬುದನ್ನು ಈ ಹೊತ್ತು ತಮ್ಮೊಡನೆ ವಿಚಾರಮಾಡಬೇಕೆಂದಿದ್ದೇನೆ. ತೊಡಕೆಲ್ಲ ಇರುವುದು ಗಾಲಿಯಲ್ಲಿ.

ಮೊದಲು ರೈಲುಗಾಲಿಯನ್ನು ನೋಡೋಣ. ಎರಡು ಉಕ್ಕಿನ ಗಾಲಿಗಳನ್ನು ಒಂದೇ ಅಚ್ಚಿಗೆ ಬಿಗಿಯಾಗಿ ಸೇರಿಸಿರುತ್ತಾರೆ; ಅಚ್ಚು ತಿರುಗಿದರೆ ಎರಡೂ ಒಟ್ಟಿಗೆ ತಿರುಗಬೇಕು. ಪ್ರತಿ ಗಾಲಿಯ ಒಳಮಗ್ಗುಲಲ್ಲಿ ಎದ್ದುನಿಂತ ಒಂದು ಅಂಚು ಇರುತ್ತದೆ. ರೈಲು ಕಂಬಿ ಬಿಟ್ಟು ಹೋಗದಂತೆ ಕಾಯುವುದು ಈ ಅಂಚೇ ಎಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಅಂಚು ಕಡೆಯ ಕಾವಲುಗಾರ ಮಾತ್ರ. ದಿನನಿತ್ಯದ ಕೆಲಸವನ್ನು ಮಾಡತಕ್ಕದ್ದು ಗಾಲಿಯ ಮೈ. ಆ ಮೈ ಸಮತಟ್ಟಾಗಿಲ್ಲ. ಒಳಗಡೆ ದಪ್ಪ, ಹೊರಗಡೆ ತೆಳು, ಹೀಗೆ ಕೊಂಚ ಇಳಿಜಾರಾಗಿರುತ್ತದೆ.

ಇದರ ಮರ್ಮವನ್ನು ತಾವು ಮನೆಯಲ್ಲಿಯೇ ಪರೀಕ್ಷಿಸಬಹುದು. ಬಾಯಿ ಅಗಲವಾಗಿಯೂ ತಳ ಕಿರಿದಾಗಿಯೂ ಇರುವ ಎರಡು ಲೋಟಗಳನ್ನು ಬಾಯಿಗೆ ಬಾಯಿ ಸೇರಿಸಿ ಅಂಟಿಸಿರಿ. ಎರಡು ಉದ್ದನೆಯ ಕೋಲುಗಳನ್ನು ಸಮನಾದ ಅಂತರದಲ್ಲಿ ತುಸು ಇಳಿಜಾರಾಗಿ ಇಟ್ಟು, ಅವುಗಳ ಮೇಲೆ ಈ ಜೋಡಿಯನ್ನು ಉರುಳಬಿಡಿರಿ. ಅದು ಒಂದು ಕಡೆಗೆ ಸರಿದರೆ, ಆ ಕಡೆಯ ಕೋಲಿನ ಮೇಲೆ ಲೋಟದ ದಪ್ಪ ಭಾಗವೂ ಈ ಕಡೆಯ ಕೋಲಿನ ಮೇಲೆ ತೆಳು ಭಾಗವೂ ಉರುಳುತ್ತವೆ. ದಪ್ಪ ಭಾಗ ಒಂದು ಸುತ್ತಿನಲ್ಲಿ ಹೆಚ್ಚು ದೂರ ಹೋಗುವುದರಿಂದ ಜೋಡಿ ತಾನಾಗಿಯೇ ನಡುವಿಗೆ ತಿರುಗಿಕೊಳ್ಳುತ್ತದೆ. ತಿರುವಿನಲ್ಲಿ ರೈಲುಗಾಲಿ ಹೊರಕಂಬಿಯ ಕಡೆಗೆ ಸರಿದು, ಹೊರಗಿನ ದೂರ ಹೆಚ್ಚು, ಒಳಗಿನ ದೂರ ಕಡಿಮೆ ಎಂಬ ಲೆಕ್ಕವನ್ನು ಯಾರೂ ಹೇಳಿಕೊಡದೆಯೇ ಸರಿತೂಗಿಸಿಕೊಳ್ಳುತ್ತದೆ. ರೈಲುಬಂಡಿಗೆ ಚುಕ್ಕಾಣಿ ಬೇಡವಾದುದು ಇದರಿಂದಲೇ.

ರಸ್ತೆಯ ಗಾಲಿಯ ಸ್ವಭಾವ ಇದಕ್ಕೆ ತೀರ ಬೇರೆ. ಅದು ಹಳ್ಳದಿಣ್ಣೆಗಳನ್ನು ನುಂಗಿಕೊಳ್ಳಬೇಕು. ಆದುದರಿಂದ ಗಾಳಿ ತುಂಬಿದ ರಬ್ಬರಿನ ಟಯರು. ತಿರುವಿನಲ್ಲಿ ಎಡಬಲದ ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಬೇಕು. ಆದುದರಿಂದ ನಡುವೆ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಏರ್ಪಾಡು. ದಾರಿಯನ್ನು ಆರಿಸತಕ್ಕವನು ಚಾಲಕ. ಆದುದರಿಂದ ಮುಂದಿನ ಗಾಲಿಗಳು ಎಡಕ್ಕೂ ಬಲಕ್ಕೂ ಹೊರಳಬೇಕು.

ಇನ್ನು ಗುಣದೋಷಗಳ ಮಾತು. ಒಂದು ಟನ್ ಭಾರವನ್ನು ಒಳ್ಳೆಯ ರಸ್ತೆಯ ಮೇಲೆ ಟಯರುಗಳಿಂದ ಉರುಳಿಸಿಕೊಂಡು ಹೋಗಲು ಸುಮಾರು 10ರಿಂದ 15 ಕಿಲೋಗ್ರಾಮಿನಷ್ಟು ಎಳೆತ ಬೇಕಾದರೆ, ಉಕ್ಕಿನ ಗಾಲಿಗೆ ಉಕ್ಕಿನ ಕಂಬಿಯ ಮೇಲೆ ಒಂದೆರಡು ಕಿಲೋಗ್ರಾಮು ಸಾಕು. ರೈಲ್ವೆಯ ಮಿತವ್ಯಯದ ಗುಟ್ಟು ಇದು. ಆದರೆ ಸುಲಭವಾಗಿ ಉರುಳತಕ್ಕದ್ದು ಸುಲಭವಾಗಿ ನಿಲ್ಲದು. ಒಣಗಿದ ರಸ್ತೆಯನ್ನು ರಬ್ಬರು ಹಿಡಿಯುವ ಹಿಡಿತದಲ್ಲಿ ಅರ್ಧದಷ್ಟೂ ಉಕ್ಕಿಗೆ ಕಂಬಿಯ ಮೇಲಿಲ್ಲ. ಮಳೆ ಬಂದರೆ ಇನ್ನೂ ಕಡಿಮೆ. ಏರನ್ನು ಹತ್ತುವುದಕ್ಕೂ ಬೇಗ ನಿಲ್ಲುವುದಕ್ಕೂ ರಬ್ಬರು ಮೇಲು. ಭಾರ ಹೊರುವುದಕ್ಕೂ ದಾರಿ ತಪ್ಪದಿರುವುದಕ್ಕೂ ಉಕ್ಕು ಮೇಲು. ಎರಡು ಗುಣಗಳನ್ನೂ ಒಂದೇ ಗಾಲಿಯಿಂದ ಪಡೆಯಬಹುದೇ ಎಂಬುದೇ ಪ್ರಶ್ನೆ.

ರಬ್ಬರನ್ನು ಕಂಬಿಯ ಮೇಲೆ ಓಡಿಸುವ ಪ್ರಯತ್ನವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದವರು ಫ್ರಾನ್ಸಿನ ಮಿಷಲಿನ್ ಕಂಪೆನಿಯವರು. ಟಯರಿನ ಮಗ್ಗುಲಿಗೆ ಉಕ್ಕಿನ ಅಂಚನ್ನು ಜೋಡಿಸಿ ಅವರು 1930ರ ದಶಕದಲ್ಲಿ 'ಮಿಷಲೀನ್' ಎಂಬ ಬಂಡಿಗಳನ್ನು ಓಡಿಸಿದರು. ಇವು ರಸ್ತೆಗಿಳಿಯುವ ಬಂಡಿಗಳಲ್ಲ. ಆದರೂ ನಮ್ಮ ಪ್ರಶ್ನೆಗೆ ಇವುಗಳಿಂದ ಒಂದು ಉತ್ತರ ದೊರೆಯಿತು. ಓಟ ಮೃದುವಾಗಿತ್ತು, ಸದ್ದಿರಲಿಲ್ಲ, ಬ್ರೇಕು ಹಾಕಿದರೆ ಬೇಗನೆ ನಿಲ್ಲುತ್ತಿತ್ತು. ಆದರೆ ಕಂಬಿಯ ನೆತ್ತಿಯ ಅಗಲ ಸುಮಾರು 7 ಸೆಂಟಿಮೀಟರು ಮಾತ್ರ. ಟಯರು ಅದರ ಮೇಲೆ 20 ಸೆಂಟಿಮೀಟರು ಉದ್ದಕ್ಕೆ ಕೂತಿದೆಯೆಂದು ಭಾವಿಸಿದರೆ, ತಾಗುವ ಜಾಗ 140 ಚದರ ಸೆಂಟಿಮೀಟರು. ಪ್ರತಿ ಚದರ ಸೆಂಟಿಮೀಟರಿಗೆ 7 ಕಿಲೋಗ್ರಾಮಿನ ಒತ್ತಡದ ಗಾಳಿ ತುಂಬಿದ್ದರೆ ಆ ಗಾಲಿ ಹೊರುವ ಭಾರ 980 ಕಿಲೋಗ್ರಾಮು, ಎಂದರೆ ಒಂದು ಟನ್ನಿಗೂ ಕಡಿಮೆ. ನಮ್ಮ ಸರಕುಬಂಡಿಯ ಒಂದೊಂದು ಉಕ್ಕಿನ ಗಾಲಿ 10 ಟನ್ನಿಗೂ ಹೆಚ್ಚು ಭಾರವನ್ನು ಹೊರುತ್ತದೆ! ಆದಕಾರಣ ಮಿಷಲೀನ್ ಬಂಡಿಯನ್ನು ಹಗುರವಾಗಿ ಕಟ್ಟಿ, ಹತ್ತು ಮತ್ತು ಅದಕ್ಕೂ ಹೆಚ್ಚು ಗಾಲಿಗಳನ್ನು ಇಡಬೇಕಾಯಿತು. ಮತ್ತೊಂದು ತೊಡಕು ಸಂಕೇತಗಳದು. ಅನೇಕ ಮಾರ್ಗಗಳಲ್ಲಿ ಕಂಬಿಗಳಲ್ಲಿ ಸಣ್ಣ ವಿದ್ಯುತ್ ಪ್ರವಾಹವೊಂದು ಹರಿಯುತ್ತಿರುತ್ತದೆ. ಉಕ್ಕಿನ ಗಾಲಿ ಮತ್ತು ಅಚ್ಚುಗಳು ಎರಡು ಕಂಬಿಗಳನ್ನೂ ಕೂಡಿಸಿದಾಗ 'ಇಲ್ಲಿ ಬಂಡಿಯಿದೆ' ಎಂದು ಸಿಗ್ನಲಿಗೆ ತಿಳಿಯುತ್ತದೆ. ರಬ್ಬರು ವಿದ್ಯುತ್ತನ್ನು ಹರಿಯಗೊಡದು. ಕಂಬಿಯ ಮೇಲಿದ್ದೂ ಇಲ್ಲದಂತೆ ತೋರುವ ಬಂಡಿ ಎಷ್ಟು ಅಪಾಯಕರವೆಂಬುದನ್ನು ನಾನು ಹೇಳಬೇಕಾಗಿಲ್ಲ.

ಹಾಗಾದರೆ ಎರಡು ಜೊತೆ ಗಾಲಿಗಳನ್ನೂ ಇಟ್ಟುಬಿಟ್ಟರಾಯಿತು ಎಂದು ಇನ್ನು ಕೆಲವರು ಯೋಚಿಸಿದರು. 1932ರಲ್ಲಿ ಇಂಗ್ಲೆಂಡಿನ ಎಲ್. ಎಂ. ಎಸ್. ರೈಲ್ವೆಯವರು ಕ್ಯಾರಿಯರ್ ಕಂಪೆನಿಯ 'ರೋ-ರೈಲರ್' ಎಂಬ ಬಸ್ಸನ್ನು ಬ್ಲಿಸ್‌ವರ್ತ್ ನಿಲ್ದಾಣದಿಂದ ಷೇಕ್ಸ್‌ಪಿಯರನ ಊರಾದ ಸ್ಟ್ರ್ಯಾಟ್‌ಫರ್ಡಿಗೆ ಓಡಿಸಿದರು. ಅದು ಕಂಬಿಯ ಮೇಲೆ ಹೋಗಿ, ಸ್ಟ್ರ್ಯಾಟ್‌ಫರ್ಡಿನಲ್ಲಿ ರಸ್ತೆಗಿಳಿದು, ರೈಲ್ವೆಯವರದೇ ಆದ ಹೋಟೆಲಿನ ಬಾಗಿಲಿಗೆ ಪ್ರಯಾಣಿಕರನ್ನು ಮುಟ್ಟಿಸುತ್ತಿತ್ತು. ಒಳಗೆ ಅಂಚುಳ್ಳ ಉಕ್ಕಿನ ಗಾಲಿ, ಅದರ ಹೊರಮಗ್ಗುಲಲ್ಲಿ ಟಯರಿನ ಗಾಲಿ. ಟಯರಿನ ಗಾಲಿಯನ್ನು ನಟ್ಟನಡುವಿನಲ್ಲಿ ಕೂರಿಸದೆ ಕೊಂಚ ಓರೆಗೆ ಕೂರಿಸಿದ್ದುದರಿಂದ, ಅದನ್ನು ಕಂಬಿಯ ಮಟ್ಟಕ್ಕಿಂತ ಮೇಲೆತ್ತಿ ನಿಲ್ಲಿಸಬಹುದಾಗಿತ್ತು. ಬದಲಾವಣೆಗೆ ಕೆಲವೇ ನಿಮಿಷ ಸಾಕು. ಜಾಣತನದ ರಚನೆಯೇನೋ ಹೌದು. ಆದರೆ ಈ ಬಸ್ಸು ರಸ್ತೆಯಲ್ಲಿ ಉಕ್ಕನ್ನೂ ಕಂಬಿಯಲ್ಲಿ ರಬ್ಬರನ್ನೂ ಸುಮ್ಮನೆ ಹೊತ್ತು ತಿರುಗಬೇಕು. ಆ ಭಾರಕ್ಕೆ ಕೂಲಿಯಿಲ್ಲ. ಕೆಲವೇ ತಿಂಗಳಲ್ಲಿ ಆ ಸಂಚಾರ ನಿಂತುಹೋಯಿತು. ಇದೇ ಬಗೆಯ ಒಂದು ಲಾರಿ ಮಾತ್ರ ಸ್ಕಾಟ್ಲೆಂಡಿನ ವೆಸ್ಟ್ ಹೈಲೆಂಡ್ ಮಾರ್ಗದಲ್ಲಿ ಕಂಬಿಗಳ ದುರಸ್ತಿಗೆ ಉಪಯೋಗವಾಯಿತು. ಈ ಸಣ್ಣ ಸಂಗತಿಯನ್ನು ತಾವು ನೆನಪಿನಲ್ಲಿಟ್ಟುಕೊಂಡಿರಬೇಕು, ಕಡೆಯಲ್ಲಿ ಬೇಕಾಗುತ್ತದೆ.

ಎರಡನೆಯ ಮಹಾಯುದ್ಧವಾದ ಮೇಲೆ ಜರ್ಮನರು ಮತ್ತೊಂದು ಉಪಾಯ ಮಾಡಿದರು. 1950ರ ದಶಕದಲ್ಲಿ ಅವರು ತಯಾರಿಸಿದ ರೈಲು-ರಸ್ತೆ ಬಸ್ಸು ಉಕ್ಕಿನ ಗಾಲಿಗಳನ್ನು ತನ್ನೊಡನೆ ಹೊತ್ತು ತಿರುಗುತ್ತಿರಲಿಲ್ಲ. ನಿಲ್ದಾಣದಲ್ಲಿ ಕಂಬಿಯ ಮೇಲೆ ಎರಡು ಪುಟ್ಟ ಗಾಲಿಬಂಡಿಗಳು ಕಾದಿರುತ್ತಿದ್ದುವು. ಬಸ್ಸು ತನ್ನ ಜಾಕಿಗಳಿಂದ ಮೇಲೆದ್ದು, ಒಂದನ್ನು ಮುಂದಿನ ಕಡೆಗೂ ಇನ್ನೊಂದನ್ನು ಹಿಂದಿನ ಕಡೆಗೂ ಸೇರಿಸಿಕೊಂಡು ಹೊರಡುತ್ತಿತ್ತು. ಆಗಲೂ ಹಿಂದಿನ ಟಯರುಗಳು ಕಂಬಿಯನ್ನು ಒತ್ತಿ ಬಸ್ಸನ್ನು ನೂಕುತ್ತಿದ್ದುವು. ದಾರಿ ತೋರುವುದು ಉಕ್ಕು, ಮುಂದಕ್ಕೆ ನೂಕುವುದು ರಬ್ಬರು! ಈ ಬಸ್ಸುಗಳಲ್ಲಿ ಕಡೆಯವು 1967ರವರೆಗೆ ಓಡಿದುವು. ಗಾಲಿಬಂಡಿಗಳನ್ನು ಸೇರಿಸಲು ಬಿಡಿಸಲು ನಿಲ್ದಾಣದಲ್ಲಿ ಆಳುಗಳು ಬೇಕು, ಹೊತ್ತೂ ಹಿಡಿಯುತ್ತದೆ. ಆದರೆ ಒಂದು ತತ್ತ್ವ ಸ್ಪಷ್ಟವಾಯಿತು. ಒಂದೇ ಗಾಲಿ ಎರಡು ಕೆಲಸ ಮಾಡಬೇಕಾಗಿಲ್ಲ. ಎರಡು ಗಾಲಿಗಳು ಕೆಲಸವನ್ನು ಹಂಚಿಕೊಂಡರೆ ಸಾಕು.

ಸೋಜಿಗವೇನೆಂದರೆ, ಈ ಹಂಚಿಕೆಯ ತತ್ತ್ವ ನಮ್ಮ ದೇಶದ ಒಂದು ಸಂಸ್ಥಾನದಲ್ಲಿ ಇದಕ್ಕೆ ಬಹಳ ಮುಂಚೆಯೇ ನಡೆದಿತ್ತು. ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗರ ಕಾಲದಲ್ಲಿ, 1907ರಲ್ಲಿ, ಕರ್ನಲ್ ಬೌಲ್ಸ್ ಎಂಬ ಎಂಜಿನಿಯರು ಈವಿಂಗ್ ಪದ್ಧತಿಯ ಒಂಟಿಕಂಬಿಯ ರೈಲುಮಾರ್ಗವನ್ನು ಹಾಕಿಸಿದರು. ರಸ್ತೆಯ ಪಕ್ಕದಲ್ಲಿ ಒಂದೇ ಒಂದು ಕಂಬಿ. ಬಂಡಿಯ ಉಕ್ಕಿನ ಗಾಲಿಗಳು, ಎರಡು ಮಗ್ಗುಲಿಗೂ ಅಂಚುಳ್ಳವು, ಆ ಕಂಬಿಯ ಮೇಲೆ ಓಡುತ್ತಿದ್ದುವು. ಒಂದು ಪಕ್ಕಕ್ಕೆ ಚಾಚಿದ ದೊಡ್ಡ ಗಾಲಿಯೊಂದು ರಸ್ತೆಯ ಮೇಲೆ ಉರುಳುತ್ತ ಬಂಡಿ ಮಗುಚದಂತೆ ಆಧಾರ ಕೊಡುತ್ತಿತ್ತು. ಭಾರದಲ್ಲಿ ಶೇಕಡ 95ಕ್ಕೂ ಹೆಚ್ಚು ಕಂಬಿಯ ಮೇಲೆ. ಉಳಿದ ಅಲ್ಪ ಭಾಗ ಮಾತ್ರ ರಸ್ತೆಯ ಗಾಲಿಯ ಮೇಲೆ. ಹೇಸರಗತ್ತೆಗಳೂ ಎತ್ತುಗಳೂ ಅದನ್ನು ಎಳೆಯುತ್ತಿದ್ದುವು. ಆಮೇಲೆ ಜರ್ಮನಿಯಿಂದ ಉಗಿ ಎಂಜಿನುಗಳೂ ಬಂದುವು. 1927ರಲ್ಲಿ ಈ ಮಾರ್ಗ ಮುಚ್ಚಿತು. ಅದರ ಒಂದು ಎಂಜಿನು ದೆಹಲಿಯ ರೈಲ್ವೆ ವಸ್ತುಸಂಗ್ರಹಾಲಯದಲ್ಲಿದೆ. ಆ ಎಂಜಿನನ್ನು ನೋಡಿ ನಗುವವರುಂಟು. ಆದರೆ ಯಾವ ಗಾಲಿಗೆ ಎಷ್ಟು ಭಾರ ಎಂಬ ಲೆಕ್ಕವನ್ನು ಅದು ಕಣ್ಣಿಗೆ ಕಾಣುವಂತೆ ಹೇಳುತ್ತದೆ.

ಈಚಿನ ಜಪಾನೀ ಎಂಜಿನಿಯರುಗಳಿಗೂ ತಲೆನೋವಾದದ್ದು ಈ ಲೆಕ್ಕವೇ. ಅಲ್ಲಿಯ ಹೊಕ್ಕೈಡೊ ರೈಲ್ವೆಯವರು ಈ ಶತಮಾನದ ಆರಂಭದಲ್ಲಿ ಒಂದು ಸಣ್ಣ ಬಸ್ಸನ್ನು ತೆಗೆದುಕೊಂಡು ಪ್ರಯೋಗ ನಡೆಸಿದರು. ಕಂಬಿಯ ಮೇಲೆ ಬಂದಾಗ ಅದರ ಹೊಟ್ಟೆಯೊಳಗಿಂದ ಪುಟ್ಟ ಉಕ್ಕಿನ ಗಾಲಿಗಳು ಇಳಿಯುತ್ತವೆ. ಮುಂದಿನ ಟಯರುಗಳು ಪೂರ್ತಿಯಾಗಿ ಮೇಲೇಳುತ್ತವೆ. ಹಿಂದೆ ಜೋಡಿಯಾಗಿರುವ ಟಯರುಗಳ ಪೈಕಿ ಒಳಗಿನವು ಕಂಬಿಯನ್ನು ಒತ್ತಿ ಬಸ್ಸನ್ನು ನೂಕುತ್ತವೆ. ಉಕ್ಕಿನ ಗಾಲಿಯ ಮೇಲೆ ಭಾರ ತೀರ ಕಡಿಮೆಯಾದರೆ ಏನಾಗುತ್ತದೆ? ತಿರುವಿನಲ್ಲಿ ಪಕ್ಕದಿಂದ ಬೀಳುವ ನೂಕು ಅದೇ ಗಾಲಿಯ ಮೇಲಿನ ಭಾರಕ್ಕೆ ಹೆಚ್ಚುಕಡಿಮೆ ಸಮನಾಗುವಷ್ಟಾದರೆ, ಅಂಚು ಕಂಬಿಯ ಮೇಲೆ ಹತ್ತಿ ಬಂಡಿ ಹೊರಕ್ಕೆ ಜಾರುತ್ತದೆ. ಈ ನಿಯಮವನ್ನು 20ನೆಯ ಶತಮಾನದ ಆದಿಯಲ್ಲಿಯೇ ಫ್ರಾನ್ಸಿನ ನಾದಾಲ್ ಎಂಬವರು ಲೆಕ್ಕಹಾಕಿ ತೋರಿಸಿದ್ದರು. ಉಕ್ಕಿನ ಮೇಲೆ ಭಾರ ತೀರ ಹೆಚ್ಚಾದರೋ, ಟಯರಿಗೆ ಹಿಡಿತ ತಪ್ಪಿ ಸುಮ್ಮನೆ ತಿರುಗುತ್ತದೆ, ಬ್ರೇಕೂ ಹಿಡಿಯದು. ಈ ಎರಡು ಅಪಾಯಗಳ ನಡುವಣ ಕಿರಿದಾದ ಹಾದಿಯಲ್ಲಿ ಭಾರವನ್ನು ಹಂಚುವುದೇ ಆ ಬಸ್ಸಿನ ಶಿಲ್ಪ. ಹೊಕ್ಕೈಡೊದವರು ಅದನ್ನು ತಾವು ಉಪಯೋಗಿಸದೆ ಕೈಬಿಟ್ಟರು. ಆದರೆ ಷಿಕೊಕು ದ್ವೀಪದ ಕಡಲಂಚಿನ ಆಸಾ ಕರಾವಳಿ ರೈಲ್ವೆ ಎಂಬ ಪುಟ್ಟ ಸಂಸ್ಥೆ 2021ರ ಡಿಸೆಂಬರ್ 25ರಂದು ಇಂಥ ಬಂಡಿಗಳಿಂದ ಸಾರ್ವಜನಿಕ ಸಂಚಾರವನ್ನು ಆರಂಭಿಸಿತು. ಕಂಬಿಯ ಭಾಗ ಸುಮಾರು 10 ಕಿಲೋಮೀಟರು. ಗಾಲಿ ಬದಲಾಗಲು ಹಿಡಿಯುವ ಹೊತ್ತು ಸುಮಾರು 15 ಸೆಕೆಂಡು. ಪ್ರಯಾಣಿಕನು ಕೂತಲ್ಲಿಂದ ಏಳಬೇಕಾಗಿಲ್ಲ.

ಹೀಗಿರುವಾಗ ನಮ್ಮಲ್ಲಿಯೂ ಇದನ್ನು ತರಬಾರದೇಕೆ ಎಂದು ತಾವು ಕೇಳಬಹುದು. ಮೊದಲನೆಯ ಅಡ್ಡಿ ಅಗಲದ್ದು. ಜಪಾನಿನ ಆ ಮಾರ್ಗದಲ್ಲಿ ಕಂಬಿಗಳ ನಡುವಣ ಅಂತರ 1067 ಮಿಲಿಮೀಟರು. ಅದು ಬಸ್ಸಿನ ಹಿಂದಿನ ಒಳಟಯರುಗಳಿಗೆ ಹೊಂದಿಕೊಂಡಿತು. ಯೂರೋಪಿನಲ್ಲಿ 1435. ನಮ್ಮ ಬ್ರಾಡ್‌ಗೇಜಿನಲ್ಲಿ 1676. ಮೂರಕ್ಕೂ ಒಂದೇ ಅಚ್ಚು ಒಪ್ಪದು. ನಮ್ಮ ಅಗಲಕ್ಕೆ ಬೇರೆಯಾಗಿಯೇ ರಚಿಸಬೇಕು. ಎರಡನೆಯದು ಇದಕ್ಕಿಂತ ದೊಡ್ಡದು. ಇಂಥ ಬಸ್ಸು ಕರೆದೊಯ್ಯುವುದು ಇಪ್ಪತ್ತು ಚಿಲ್ಲರೆ ಜನರನ್ನು. ಅದನ್ನು ಒಂದಕ್ಕೊಂದು ಕೊಂಡಿ ಹಾಕಿ ರೈಲು ಮಾಡುವಂತಿಲ್ಲ. ಭಾರಿ ರೈಲುಗಳ ನಡುವೆ ಅದನ್ನು ಬಿಡುವುದೂ ಕ್ಷೇಮವಲ್ಲ. ಒಂದು ಕಾಲದಲ್ಲಿ ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಮೀಟರ್‌ಗೇಜಿನಲ್ಲಿ ಓಡುತ್ತಿದ್ದ ರೈಲ್‌ಬಸ್ಸನ್ನು ಕೆಲವರು ನೋಡಿರಬಹುದು. ಬಸ್ಸಿನಂಥ ಮೈ, ರೈಲಿನ ಗಾಲಿ, ರಸ್ತೆಗೆ ಇಳಿಯುವಂತಿರಲಿಲ್ಲ. ಜನ ವಿರಳವಾದ ಇಂಥ ಮಾರ್ಗಗಳಲ್ಲಿಯೇ ಎರಡು ಬಗೆಯ ಗಾಲಿಯುಳ್ಳ ಬಂಡಿಗೆ ಎಡೆಯಿದ್ದಿತು. ಇಂದು ಅಲ್ಲಿಯೂ ಬ್ರಾಡ್‌ಗೇಜ್ ಬಂದು ಉದ್ದನೆಯ ರೈಲುಗಳು ಓಡುತ್ತಿವೆ.

ಹಾಗಾದರೆ ಇಷ್ಟು ಜನರ ಪರಿಶ್ರಮ ವ್ಯರ್ಥವೇ? ಅಲ್ಲ. ಸ್ಕಾಟ್ಲೆಂಡಿನ ಆ ದುರಸ್ತಿ ಲಾರಿಯನ್ನು ನೆನೆಯಿರಿ. ಇಂದು ಪ್ರಪಂಚದ ಬಹುತೇಕ ರೈಲ್ವೆಗಳಲ್ಲಿ, ನಮ್ಮಲ್ಲಿಯೂ ಸಹ, ರಸ್ತೆಯಲ್ಲಿ ಬಂದು ಗೇಟಿನ ಬಳಿ ಕಂಬಿಗೇರಿ, ಉಕ್ಕಿನ ಗಾಲಿಗಳನ್ನಿಳಿಸಿ ಕೆಲಸಕ್ಕೆ ಹೋಗುವ ವಾಹನಗಳಿವೆ. ಮೇಲಿನ ವಿದ್ಯುತ್ ತಂತಿ ಹರಿದಾಗ, ಗುಡ್ಡ ಕುಸಿದು ಕಂಬಿ ಮುಚ್ಚಿದಾಗ, ರೈಲು ಹಳಿ ತಪ್ಪಿ ಗಾಯಾಳುಗಳು ನರಳುತ್ತಿರುವಾಗ, ಹತ್ತಿರದ ಗೇಟಿನವರೆಗೆ ರಸ್ತೆಯಲ್ಲಿಯೂ ಅಲ್ಲಿಂದ ಕಂಬಿಯಲ್ಲಿಯೂ ಹೋಗಬಲ್ಲ ಬಂಡಿಗೆ ಬೆಲೆ ಕಟ್ಟಲಾಗದು. ಅಲ್ಲಿ ಇಪ್ಪತ್ತು ಜನ ಸಾಕು, ಬೇಕಾದದ್ದು ಹೊತ್ತು.

ಎರಡು ದೋಣಿಯಲ್ಲಿ ಕಾಲಿಟ್ಟವನು ಮುಳುಗುತ್ತಾನೆಂದು ನಮ್ಮ ಹಿರಿಯರು ಹೇಳುತ್ತಾರೆ. ಎರಡು ದಾರಿಯ ಬಂಡಿಯ ಚರಿತ್ರೆಯೂ ಬಹುಮಟ್ಟಿಗೆ ಈ ಮಾತನ್ನೇ ಸಮರ್ಥಿಸುತ್ತದೆ. ಆದರೆ ಯಾವ ಕಾಲಿನ ಮೇಲೆ ಎಷ್ಟು ಭಾರ ಹಾಕಬೇಕೆಂಬುದನ್ನು ಬಲ್ಲವನು ಮುಳುಗದೆ ದಡ ಸೇರಿದ ಉದಾಹರಣೆಗಳೂ ಅದರಲ್ಲಿಯೇ ಇವೆ. ಮುಂದಿನ ಸಲ ರೈಲು ಹತ್ತುವಾಗ, ಹೊತ್ತಿದ್ದರೆ, ಒಂದು ಕ್ಷಣ ಬಗ್ಗಿ ಗಾಲಿಯನ್ನು ನೋಡಿರಿ. ಅದರ ಮೈಯ ಇಳಿಜಾರು ತಮಗೆ ಕಂಡರೆ ನನ್ನ ಈ ಭಾಷಣ ಸಾರ್ಥಕ.