ದಮ್ಮಾಮಿನಿಂದ ಹುಫೂಫ್‌ಗೆ ಒಂದು ಶನಿವಾರ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ವಿದೇಶದಲ್ಲಿ ಶಿಕ್ಷಕ ವೃತ್ತಿ ಎಂಬ ವಿಷಯದ ಮೇಲೆ ನಾಲ್ಕು ಮಾತು ಹೇಳಬೇಕೆಂದು ಸಂಘದವರು ನನ್ನನ್ನು ಕೇಳಿಕೊಂಡಿದ್ದಾರೆ. ಸಂಬಳ, ವೀಸಾ, ಏಜೆಂಟರ ವಿಷಯಗಳನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ಸಭೆಯಲ್ಲೇ ಇದ್ದಾರೆ. ಆದ್ದರಿಂದ ನಾನು ಒಂದೇ ಒಂದು ದಿನದ ಕತೆ ಹೇಳುತ್ತೇನೆ. ಅದು 2017ರ ಜನವರಿಯ ಒಂದು ಶನಿವಾರ.

ನಾನು ನೆಮ್ಮಾರಿನವನು. ನಮ್ಮ ಊರಿನ ಮುಂದೆ ತುಂಗೆ ಹರಿಯುತ್ತಾಳೆ, ಕಾರ್ಕಳದ ಬಸ್ಸು ಹೋಗುತ್ತದೆ. ರೈಲು ಮಾತ್ರ ಇಲ್ಲ. ಒಂದು ಕಾಲದಲ್ಲಿ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಸಣ್ಣ ಹಳಿಯ ರೈಲು ಓಡುತ್ತಿತ್ತು, ಅದೂ ನಿಂತುಹೋಯಿತು. ಚಿಕ್ಕಮಗಳೂರು ಪಟ್ಟಣಕ್ಕೇ ರೈಲು ಬಂದದ್ದು 2013ರಲ್ಲಿ. ಬಿ.ಎಡ್. ಓದಲು ಶಿವಮೊಗ್ಗಕ್ಕೆ ಹೋಗುವವರೆಗೆ ನಾನು ರೈಲು ಹತ್ತಿದವನಲ್ಲ. ಅಂಥವನು ಓದಿಗೂ ತಂಗಿಯ ಮದುವೆಗೂ ಮಾಡಿದ ಸಾಲ ತೀರಿಸಲೆಂದು ಸೌದಿ ಅರೇಬಿಯಾದ ದಮ್ಮಾಮಿಗೆ ಹೋದೆ. ಅಲ್ಲಿನ ಒಂದು ಭಾರತೀಯ ಶಾಲೆಯಲ್ಲಿ ಉರ್ದು ಕಲಿಸುವ ಕೆಲಸ.

ಮೊದಲ ಎಂಟು ತಿಂಗಳು ನಾನು ಕಂಡದ್ದು ಮೂರೇ ಜಾಗ: ಕೋಣೆ, ಶಾಲೆ, ಮನೆಗೆ ಹಣ ಕಳಿಸುವ ಬ್ಯಾಂಕು. ಒಂದು ರಿಯಾಲ್ ಎಂದರೆ ಆಗ ಸುಮಾರು ಹದಿನೆಂಟು ರೂಪಾಯಿ. ಒಂದು ಚಹಾ ಕುಡಿಯುವಾಗಲೂ ಮನಸ್ಸು ಹದಿನೆಂಟರ ಮಗ್ಗಿ ಹೇಳುತ್ತಿತ್ತು. ಶುಕ್ರವಾರ, ಶನಿವಾರ ರಜೆ. 2013ಕ್ಕೆ ಮೊದಲು ಅಲ್ಲಿ ಗುರುವಾರ, ಶುಕ್ರವಾರ ರಜೆ ಇತ್ತಂತೆ. ಯಾವ ವಾರವಾದರೂ ನನಗೆ ಒಂದೇ: ಜುಮಾ ನಮಾಜ್, ಬಟ್ಟೆ ಒಗೆಯುವುದು, ನಿದ್ದೆ.

ಹೀಗಿರುವಾಗ ಒಂದು ದಿನ ಏಳನೇ ತರಗತಿಯ ಪಾಠದಲ್ಲಿ ‘ನಖ್ಲಿಸ್ತಾನ್’ ಎಂಬ ಪದ ಬಂತು. ಓಯಸಿಸ್ ಎಂದು ಅರ್ಥ ಹೇಳಿದೆ. ಮರಳುಗಾಡಿನ ನಡುವೆ ನೀರು, ನೀರಿನ ಸುತ್ತ ಖರ್ಜೂರದ ಮರ ಎಂದು ಬೋರ್ಡಿನ ಮೇಲೆ ಚಿತ್ರವನ್ನೂ ಬರೆದೆ. ನಾಲ್ಕು ಮರ, ಒಂದು ಕೊಳ, ಒಂದು ಒಂಟೆ. ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ಕೇಳಿದ: ‘ಸರ್, ನೀವು ನೋಡಿದ್ದೀರಾ?’ ಇಲ್ಲ ಎಂದೆ. ‘ನಾವೂ ನೋಡಿಲ್ಲ ಸರ್’ ಎಂದ. ಅವನು ಹುಟ್ಟಿದ್ದೇ ದಮ್ಮಾಮಿನಲ್ಲಿ. ಶಿಕ್ಷಕರ ಕೋಣೆಗೆ ಬಂದು ಇದನ್ನು ಹೇಳಿದಾಗ ಹಿರಿಯ ಸಹೋದ್ಯೋಗಿಯೊಬ್ಬರು ನಕ್ಕರು. ‘ಜಗತ್ತಿನ ಅತಿ ದೊಡ್ಡ ಓಯಸಿಸ್‌ಗಳಲ್ಲೊಂದು ಇಲ್ಲಿಂದ ರೈಲಿನಲ್ಲಿ ಒಂದೂವರೆ ಗಂಟೆಯೊಳಗಿನ ದಾರಿ ಮಾಸ್ಟರ್, ಅಲ್ ಅಹ್ಸಾ’ ಎಂದರು. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಶನಿವಾರ ಬೆಳಿಗ್ಗೆ ದಮ್ಮಾಮ್ ನಿಲ್ದಾಣಕ್ಕೆ ಹೋದೆ. ನಮ್ಮ ರೈಲು ನಿಲ್ದಾಣಗಳ ಗದ್ದಲವನ್ನು ನೆನೆದು ಹೋದವನಿಗೆ ಅದು ವಿಮಾನ ನಿಲ್ದಾಣದಂತೆ ಕಂಡಿತು. ಚೀಲವನ್ನು ಯಂತ್ರದೊಳಗೆ ಹಾಯಿಸಬೇಕು, ಟಿಕೆಟ್‌ಗೆ ಇಕಾಮಾ ತೋರಿಸಬೇಕು. ಇಕಾಮಾ ಎಂದರೆ ವಿದೇಶಿಯರ ವಾಸದ ಪರವಾನಗಿ ಚೀಟಿ. ನನ್ನ ಹೆಸರಿನ ಕೊನೆಯಲ್ಲಿ ಊರಿನ ಹೆಸರಿದೆ. ಕೌಂಟರಿನ ಯುವಕ ಅದನ್ನು ಅರಬ್ಬಿಯಲ್ಲಿ ‘ನಮಾರ್’ ಎಂದು ಓದಿ, ‘ನಮಾರ್ ಇರುವುದು ರಿಯಾದಿನಲ್ಲಲ್ಲವೇ, ನೀನು ಹುಫೂಫ್‌ಗೆ ಏಕೆ ಟಿಕೆಟ್ ಕೇಳುತ್ತೀ?’ ಎಂದು ತಮಾಷೆ ಮಾಡಿದ. ರಿಯಾದಿನಲ್ಲಿ ವಾದಿ ನಮಾರ್ ಎಂಬ ಕಣಿವೆಯೂ ಅಣೆಕಟ್ಟೂ ಇವೆ ಎಂದು ಆಮೇಲೆ ತಿಳಿಯಿತು. ನನ್ನ ನೆಮ್ಮಾರಿನಲ್ಲಿ ವರ್ಷಕ್ಕೆ ನಾಲ್ಕು ತಿಂಗಳು ಮಳೆ ಎಂದೆ. ಅವನು ನಂಬಿದಂತೆ ಕಾಣಲಿಲ್ಲ.

ಈ ರೈಲಿನ ಬಗ್ಗೆ ಎರಡು ಮಾತು. ತೈಲ ಸಿಕ್ಕ ಮೇಲೆ ದಮ್ಮಾಮ್ ಬಂದರಿನಿಂದ ರಾಜಧಾನಿಗೆ ಸಾಮಾನು ಸಾಗಿಸಲು ರೈಲು ಬೇಕೇ ಬೇಕೆಂದು ದೊರೆ ಅಬ್ದುಲ್ ಅಝೀಝ್ ಹಟ ಹಿಡಿದರು. ಅರಾಮ್ಕೋ ಕಂಪೆನಿಯ ಮೂಲಕ ಕೆಲಸ ನಡೆದು, 1951ರ ಅಕ್ಟೋಬರಿನಲ್ಲಿ ಹಳಿ ರಿಯಾದ್ ಮುಟ್ಟಿತು. ಈಗ ಪ್ರಯಾಣಿಕರು ಹೋಗುವುದು 1985ರಲ್ಲಿ ಆದ, 449 ಕಿಲೋಮೀಟರಿನ ಬೇರೆ ಹಳಿಯ ಮೇಲೆ, ಹಳೆಯದು ಸರಕಿಗೆ. ಅರೇಬಿಯಾದ ಮೊದಲ ರೈಲು ಇದಲ್ಲ ಎಂಬುದನ್ನೂ ನೆನಪಿಡಿ. ದಮಾಸ್ಕಸ್‌ನಿಂದ ಹೊರಟ ಹಿಜಾಝ್ ರೈಲು 1908ರಲ್ಲೇ ಮದೀನಾ ತಲುಪಿತ್ತು. ಅದಕ್ಕೆ ನಮ್ಮ ದೇಶದ ಮುಸ್ಲಿಮರೂ ಚಂದಾ ಎತ್ತಿ ಕಳಿಸಿದ್ದರು.

ರೈಲು ಹೊರಟಿತು. ಬುಕೈಕ್ ಬಳಿ ತೈಲ ಘಟಕದ ಚಿಮಣಿಗಳ ತುದಿಯಲ್ಲಿ ಬೆಂಕಿ ಉರಿಯುತ್ತಿತ್ತು. ಆಮೇಲೆ ಬರೀ ಮರಳು. ಹಸಿರನ್ನು ನೋಡಿ ನೋಡಿ ಬೆಳೆದ ನಮ್ಮ ಕಣ್ಣಿಗೆ ಮರಳು ಮೊದಲು ಬೇಸರ ತರಿಸುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಅದರಲ್ಲೂ ಬಣ್ಣಗಳಿವೆ ಎಂದು ಗೊತ್ತಾಗುತ್ತದೆ. ಹಾಗೆ ನೋಡುತ್ತಿರುವಾಗಲೇ ಮುಂದೆ ಕಪ್ಪು ಗೆರೆಯೊಂದು ಎದ್ದಿತು. ಹತ್ತಿರವಾದಾಗ ನೋಡಿದರೆ ಮರಗಳು. ನಾಲ್ಕಲ್ಲ. ಅಲ್ ಅಹ್ಸಾದಲ್ಲಿ ಇಪ್ಪತ್ತೈದು ಲಕ್ಷ ಖರ್ಜೂರದ ಮರಗಳಿವೆ. ನಾನು ಬೋರ್ಡಿನ ಮೇಲೆ ಬರೆದ ಚಿತ್ರ ನೆನಪಾಗಿ ಒಬ್ಬನೇ ನಕ್ಕೆ.

ಹುಫೂಫ್‌ನಲ್ಲಿ ಟ್ಯಾಕ್ಸಿಯವನು ಪೇಶಾವರದ ಪಠಾಣ. ನನ್ನ ಉರ್ದು ಕೇಳಿ ಬಾಡಿಗೆಯಲ್ಲಿ ಸ್ವಲ್ಪ ಕಡಿಮೆ ಮಾಡಿದ. ಕೋಟೆ, 2001ರಲ್ಲಿ ಸುಟ್ಟುಹೋಗಿ ಮತ್ತೆ ಹಳೆಯ ಮಾದರಿಯಲ್ಲೇ ಕಟ್ಟಿದ ಕೈಸರಿಯಾ ಸಂತೆ, ಜಬಲ್ ಅಲ್ ಕಾರಾ ಎಂಬ ಗುಡ್ಡದ ತಣ್ಣನೆಯ ಗುಹೆಗಳು, ಎಲ್ಲ ತೋರಿಸಿದ. ಅವುಗಳ ವರ್ಣನೆ ಬೇಡ, ಫೋಟೋಗಳಲ್ಲಿ ಸಿಗುತ್ತವೆ. ಜವಾಸಾ ಮಸೀದಿಯ ಬಗ್ಗೆ ಮಾತ್ರ ಹೇಳಲೇಬೇಕು. ಮದೀನಾದ ಪ್ರವಾದಿ ಮಸೀದಿಯ ನಂತರ ಮೊದಲು ಜುಮಾ ನಡೆದದ್ದು ಇಲ್ಲಿ ಎಂದು ಬುಖಾರಿಯ ಹದೀಸ್‌ನಲ್ಲಿದೆ. ಕಟ್ಟಿದವರು ಅಬ್ದುಲ್ ಕೈಸ್ ಬುಡಕಟ್ಟಿನವರು. ಈ ಹದೀಸನ್ನು ನಾನು ಮದರಸದಲ್ಲಿ ಓದಿದ್ದೆ, ಆದರೆ ಅದಕ್ಕೊಂದು ಊರಿದೆ, ಅಲ್ಲಿಗೆ ರೈಲಿದೆ ಎಂದು ಯಾವತ್ತೂ ಯೋಚಿಸಿರಲಿಲ್ಲ. ದುರಸ್ತಿ ಮಾಡಿ ಉಳಿಸಿಕೊಂಡ ಸಣ್ಣ ಮಣ್ಣಿನ ಮಸೀದಿ. ನಮ್ಮೂರಿನ ಮಸೀದಿಗಿಂತಲೂ ಚಿಕ್ಕದು. ಎರಡು ರಕಅತ್ ನಮಾಜ್ ಮಾಡಿ ಹೊರಬಂದೆ.

ದಾರಿಯಲ್ಲಿ ಒಂದು ತೋಟದ ಬಳಿ ಟ್ಯಾಕ್ಸಿ ನಿಲ್ಲಿಸಿದೆವು. ಒಳಗೆ ಕಾಲಿಟ್ಟಾಗ ನನಗೆ ನಮ್ಮ ಅಡಿಕೆ ತೋಟಕ್ಕೆ ಬಂದಂತಾಯಿತು. ಮೇಲೆ ಖರ್ಜೂರ, ಅದರ ನೆರಳಿನಲ್ಲಿ ನಿಂಬೆ, ಅಂಜೂರ, ದಾಳಿಂಬೆ, ಕೆಳಗೆ ದನಗಳಿಗೆ ಕುದುರೆ ಮಸಾಲೆ ಸೊಪ್ಪು. ನಾವು ಅಡಿಕೆಯ ಕೆಳಗೆ ಬಾಳೆ, ಏಲಕ್ಕಿ ಹಾಕುತ್ತೇವಲ್ಲ, ಅದೇ ಲೆಕ್ಕ. ನೀರು ಸಿಮೆಂಟಿನ ಕಾಲುವೆಯಲ್ಲಿ ಬರುತ್ತದೆ. 1971ರಲ್ಲಿ ಮುಗಿದ ಕಾಲುವೆ ಯೋಜನೆ. ಅದಕ್ಕೂ ಹಿಂದೆ ನೀರು ನೆಲದಿಂದ ತಾನಾಗಿಯೇ ಉಕ್ಕುತ್ತಿತ್ತು. ಮೇಲಿಂದ ಮೇಲೆ ಬಾವಿ ಕೊರೆದು ಎತ್ತಿದ್ದರಿಂದ ಬುಗ್ಗೆಗಳು ಸೋತು, ಈಗ ಪಂಪು ಬೇಕು. ನಮ್ಮಲ್ಲೂ ಕೊಳವೆಬಾವಿ ಕೊರೆಯುವ ಲಾರಿಗಳು ಓಡಾಡುವುದನ್ನು ನೋಡುವಾಗ ನನಗೆ ಆ ತೋಟ ನೆನಪಾಗುತ್ತದೆ.

ಆ ತೋಟದಲ್ಲಿ ಬಿಹಾರದ ಒಬ್ಬರು ಕೆಲಸ ಮಾಡುತ್ತಿದ್ದರು, ಐವತ್ತರ ಆಸುಪಾಸು. ನಾನು ಮೇಷ್ಟ್ರು ಎಂದು ತಿಳಿದು ಕೈ ತೊಳೆದುಕೊಂಡು ಬಂದು ಸಲಾಂ ಹೇಳಿದರು, ಖರ್ಜೂರ ಕೊಟ್ಟರು. ಹೇಗೆ ಬಂದಿರಿ ಎಂದು ಕೇಳಿದಾಗ ರೈಲಿನಲ್ಲಿ ಎಂದೆ. ‘ಮಾಸ್ಟರ್ ಸಾಹೇಬ್, ಹನ್ನೊಂದು ವರ್ಷದಿಂದ ಈ ಊರಿನಲ್ಲಿದ್ದೇನೆ, ರೈಲು ಹತ್ತಿಲ್ಲ’ ಎಂದರು. ಏಕೆಂದರೆ ಅವರ ಇಕಾಮಾದ ಅವಧಿ ಮುಗಿದು ಎರಡು ವರ್ಷವಾಗಿತ್ತು. ಅದನ್ನು ನವೀಕರಿಸಬೇಕಾದವನು ಪ್ರಾಯೋಜಕ, ಅವನು ಮಾಡಿರಲಿಲ್ಲ. ಪಾಸ್‌ಪೋರ್ಟೂ ಅವನ ಬಳಿಯೇ. ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು ಆ ದೇಶದ ನಿಯಮಕ್ಕೇ ವಿರುದ್ಧ, ಆದರೆ ತೋಟದ ಒಳಗೆ ನಿಯಮ ಹೇಳುವವರು ಯಾರು? ಟಿಕೆಟ್ ಕೊಳ್ಳುವಂತಿಲ್ಲ, ಬ್ಯಾಂಕಿಗೆ ಹೋಗುವಂತಿಲ್ಲ, ಪೊಲೀಸ್ ಕಂಡರೆ ಮರೆಯಾಗಬೇಕು. ಮಗಳ ನಿಕಾಹ್ ಆಗಿ ಮೊಮ್ಮಗನೂ ಹುಟ್ಟಿದ್ದ. ಎಲ್ಲವನ್ನೂ ಫೋನಿನಲ್ಲೇ ಕೇಳಿದ್ದರು.

ಹಣ ಉಳಿಸಲೆಂದು ನಾನು ಎಂಟು ತಿಂಗಳು ಕೋಣೆಯಲ್ಲೇ ಕುಳಿತಿದ್ದೆ. ಕುಳಿತವನು ನಾನೇ, ಬಾಗಿಲು ತೆರೆದೇ ಇತ್ತು. ಅವರ ನಂಬರ್ ಬರೆದುಕೊಂಡೆ. ಬೇರೇನು ಮಾಡಬೇಕೆಂದು ತಿಳಿಯಲಿಲ್ಲ. ಸಂಜೆಯ ರೈಲಿನಲ್ಲಿ ಹಿಂತಿರುಗಿದೆ.

ಭಾನುವಾರ ತರಗತಿಯಲ್ಲಿ ಬೋರ್ಡಿನ ಮೇಲೆ ಇಪ್ಪತ್ತೈದು ಲಕ್ಷ ಎಂದು ಬರೆದು ಪಾಠ ಮತ್ತೆ ಮಾಡಿದೆ. ಮಕ್ಕಳಿಗೆ ಒಂದೊಂದು ಖರ್ಜೂರ ಹಂಚಿದೆ. ಅವರಲ್ಲಿ ಹಲವರು ತಂದೆಯರನ್ನು ಪೀಡಿಸಿ ಅಹ್ಸಾಗೆ ಹೋಗಿ ಬಂದರು. ಫೆಬ್ರವರಿ 17ರಂದು ದಮ್ಮಾಮ್ ಬಳಿ ಭಾರಿ ಮಳೆಯ ನೀರು ಹಳಿಯ ಮಣ್ಣನ್ನು ಕೊಚ್ಚಿ, ರಿಯಾದಿನಿಂದ ಬರುತ್ತಿದ್ದ ರೈಲು ಹಳಿ ತಪ್ಪಿ ಹದಿನೆಂಟು ಮಂದಿಗೆ ಗಾಯವಾಯಿತು. ಅಮ್ಮಿ ಫೋನ್ ಮಾಡಿ, ಇನ್ನು ಆ ರೈಲು ಹತ್ತಬೇಡ ಎಂದರು. ಆಗುಂಬೆಯ ಪಕ್ಕದಲ್ಲಿ ಹುಟ್ಟಿದವನಿಗೆ ಮರಳುಗಾಡಿನ ಮಳೆಯ ಭಯ!

ಮಾರ್ಚ್ 29ರಂದು ಸೌದಿ ಸರಕಾರದ ಮೂರು ತಿಂಗಳ ಕ್ಷಮಾದಾನ ಜಾರಿಗೆ ಬಂತು. ಇಕಾಮಾ ಇಲ್ಲದವರು, ಅವಧಿ ಮುಗಿದವರು ದಂಡ ಕಟ್ಟದೆ, ಜೈಲಿಲ್ಲದೆ ಊರಿಗೆ ಹೋಗಬಹುದಿತ್ತು. ಅಂದೇ ರಾತ್ರಿ ತೋಟದವರಿಗೆ ಫೋನ್ ಮಾಡಿದೆ. ಅವರಿಗೆ ಸುದ್ದಿಯೇ ಗೊತ್ತಿರಲಿಲ್ಲ, ಹೇಳಿದರೂ ಇದು ಹಿಡಿಯುವ ಉಪಾಯವೆಂದು ಹೆದರಿದರು. ಮುಂದಿನ ಶನಿವಾರ ಮತ್ತೆ ರೈಲು ಹತ್ತಿದೆ, ಅಮ್ಮಿಗೆ ಹೇಳಲಿಲ್ಲ. ಪ್ರಕಟಣೆಯನ್ನು ಓದಿ ಅರ್ಥ ಹೇಳಿ, ಪಾಸ್‌ಪೋರ್ಟ್ ಬದಲಿಗೆ ರಾಯಭಾರ ಕಚೇರಿ ಕೊಡುವ ತುರ್ತು ಪತ್ರದ ಅರ್ಜಿಯನ್ನು ತುಂಬಿಕೊಟ್ಟೆ. ವಿದ್ಯಾರ್ಥಿಗಳೇ, ಅರ್ಜಿ ತುಂಬುವುದು ದೊಡ್ಡ ವಿದ್ಯೆಯೇನಲ್ಲ. ಅದು ಬಾರದೆ ಒಬ್ಬ ಮನುಷ್ಯ ಒಂದು ತೋಟದಲ್ಲಿ ಉಳಿದುಹೋಗಿದ್ದ. ರಂಜಾನ್ ಈದ್‌ಗೆ ಮೊದಲು ಅವರು ಊರು ತಲುಪಿದರು. ಫೋನಿನಲ್ಲಿ ಮೊಮ್ಮಗನ ಅಳು ಕೇಳಿಸಿದರು. ಹೋಗುವ ಮುನ್ನ ರೈಲು ಹತ್ತಿದಿರಾ ಎಂದು ಕೇಳಲು ನನಗೆ ಮರೆತೇಹೋಯಿತು.

ಆ ಜುಲೈನಿಂದ ವಿದೇಶಿಯರ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ ನೂರು ರಿಯಾಲ್ ಶುಲ್ಕ ಬಂತು. ಮಕ್ಕಳು ಊರಿಗೆ ಮರಳತೊಡಗಿದರು, ಬೆಂಚುಗಳು ಖಾಲಿಯಾದವು. 2018ರಲ್ಲಿ ನಾನೂ ಬಂದೆ. ಅಹ್ಸಾ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದೂ ಅದೇ ವರ್ಷ.

ಬರುವಾಗ ಅಮ್ಮಿಗೆಂದು ಹುಫೂಫ್ ಸಂತೆಯಿಂದ ಒಂದು ಕಿಲೋ ಹಸಾವಿ ಅಕ್ಕಿ ತಂದಿದ್ದೆ. ಅಹ್ಸಾದಲ್ಲಿ ಬೆಳೆಯುವ ಕೆಂಪು ಅಕ್ಕಿ ಅದು, ಬಾಸ್ಮತಿಗಿಂತ ಎಷ್ಟೋ ದುಬಾರಿ. ಮರಳುಗಾಡಿನಲ್ಲಿ ಭತ್ತ ಬೆಳೆಯುತ್ತಾರೆ ಎಂದರೆ ಅಮ್ಮಿ ಬೆರಗಾಗಬಹುದು ಎಂದುಕೊಂಡಿದ್ದೆ. ಅವರು ಅಂಗೈಯಲ್ಲಿ ಹರಡಿ ನೋಡಿದರು, ಎರಡು ಕಾಳು ಬಾಯಿಗೆ ಹಾಕಿಕೊಂಡರು. ‘ನಮ್ಮ ಗದ್ದೆಯದೂ ಇದೇ ಬಣ್ಣ ಇತ್ತಲ್ಲೋ. ನಿಮ್ಮ ಅಬ್ಬಾ ಅಡಿಕೆ ಹಾಕಿದ ಮೇಲೆ ಹೋಯಿತು’ ಎಂದು ಹೇಳಿ, ಅನ್ನಕ್ಕೆ ಎಸರಿಡಲು ಒಳಗೆ ಹೋದರು.