ಗೊತ್ತುವಳಿಯ ಮಾತು

ಹಡಗಲಿ ಸೀಮೆಯ ಮೈಲಾರದಲ್ಲಿ, ಭರತ ಹುಣ್ಣಿಮೆಯ ಜಾತ್ರೆಯ ಕಾಲಕ್ಕೆ, ಗೊರವಯ್ಯನು ಡೆಂಕನಮರಡಿಯಲ್ಲಿ ಬಿಲ್ಲನ್ನೇರಿ ಕಾರಣಿಕ ನುಡಿಯುವುದನ್ನು ವಾಚಕರು ಬಲ್ಲಿರಿ. ನುಡಿ ಒಂದೇ ವಾಕ್ಯ. ರೈತನು ಅದರಲ್ಲಿ ಮಳೆಬೆಳೆಯನ್ನು ಕಾಣುತ್ತಾನೆ, ರಾಜಕಾರಣಿಯು ಗದ್ದುಗೆಯನ್ನು. ಹಲವು ಅರ್ಥಕ್ಕೆ ಎಡೆಗೊಡುವುದೇ ಆ ನುಡಿಯ ಸೊಗಸು.

ಅಧ್ಯಾಪಕರ ಸಭೆಯ ಗೊತ್ತುವಳಿಯಾದರೋ ಒಂದೇ ಅರ್ಥವುಳ್ಳದ್ದಾಗಿರತಕ್ಕದ್ದು. “ಗ್ರಂಥಾಲಯದ ಬಗ್ಗೆ ಸೂಕ್ತ ಕ್ರಮ ಕೈಗೊಳ್ಳಲ್ಪಡತಕ್ಕದ್ದು” ಎಂದು ಬರೆದರೆ ಎಲ್ಲರೂ ಕೈಯೆತ್ತುತ್ತಾರೆ, ಯಾರೂ ಕೈಹಾಕುವುದಿಲ್ಲ. ಕರ್ಮಣಿಪ್ರಯೋಗದ ಮರೆಯಲ್ಲಿ ಕರ್ತೃ ಅಡಗಿ ಕುಳಿತಿದ್ದಾನೆ! “ಮುಖ್ಯೋಪಾಧ್ಯಾಯರು ಜೂನ್ 15ರೊಳಗೆ ಸರದಿ ಗೊತ್ತುಮಾಡಿ, ಗ್ರಂಥಾಲಯವನ್ನು ದಿನವೂ ಸಂಜೆ 5ರಿಂದ 6ರವರೆಗೆ ತೆರೆಯಿಸಬೇಕು” ಎನ್ನಿರಿ. ಯಾರು, ಏನು, ಎಂದಿಗೆ ಎಂಬುದು ಸ್ಪಷ್ಟವಾಯಿತು.

ಒಂದು ಗೊತ್ತುವಳಿಗೆ ಒಂದೇ ವಿಷಯವಿರಲಿ. ಎರಡಿದ್ದರೆ, ಒಂದನ್ನು ಒಪ್ಪದವರು ಎರಡನ್ನೂ ಕೆಡವುತ್ತಾರೆ. ಕಾರಣವನ್ನು ಮೊದಲು, ಬೇಡಿಕೆಯನ್ನು ಆಮೇಲೆ ಬರೆಯಿರಿ. ಸೂಚಕರ, ಅನುಮೋದಕರ ರುಜು ಹಾಕಿಸಿ ಸಭೆಗೆ ಮುಂಚೆಯೇ ಒಪ್ಪಿಸಿರಿ. ಅಂಗೀಕಾರವಾದ ಮಾತೇ ನಡವಳಿ ಪುಸ್ತಕದಲ್ಲಿ ದಾಖಲಾಯಿತೆ ಎಂದು ನೋಡಿರಿ.

ಅಧಿಕಾರ ಯಾರದೆಂಬುದನ್ನೂ ಅರಿಯಬೇಕು. 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯಿದೆಯಲ್ಲಿ ಬೋಧನೆಯ ವಿಷಯ ವಿದ್ಯಾವಿಷಯಕ ಪರಿಷತ್ತಿಗೆ ಸೇರಿದುದು, ಆಡಳಿತದ ವಿಷಯ ಸಿಂಡಿಕೇಟಿಗೆ. ಶಾಲೆಯಲ್ಲಿಯೂ ಹಾಗೆಯೇ: ಸಭೆಯ ಕೈಮೀರಿದ್ದನ್ನು ‘ನಿರ್ಣಯ’ವೆನ್ನದೆ ‘ಶಿಫಾರಸು’ ಎಂದೇ ಬರೆದು, ತಕ್ಕವರಿಗೆ ಕಳುಹಿಸಿರಿ.

ಇದೆಲ್ಲ ಬರಿಯ ಅಕ್ಷರದ ಜಗಳವೆಂದು ತಿಳಿಯಬೇಡಿರಿ. ಮನೆಯಲ್ಲಿ ಪುಸ್ತಕವಿಲ್ಲದ ಮಗು ಗ್ರಂಥಾಲಯದ ಬೀಗ ತೆಗೆಯುವುದನ್ನೇ ಕಾಯುತ್ತಿರುತ್ತದೆ.