ನೇಯ್ದವರ ಹೆಸರಿರುವ ಮಳಿಗೆ

(ದೊಡ್ಡಬಳ್ಳಾಪುರದ ನೇಕಾರರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ಈ ಊರಿನ ಮಗ್ಗಗಳಲ್ಲಿ ಸಿದ್ಧವಾದ ಸೀರೆಗಳನ್ನು ನಾಡಿನ ಅನೇಕ ಕಡೆ ಹೆಣ್ಣುಮಕ್ಕಳು ಉಡುತ್ತಾರೆ. ಆದರೆ ಅವು ದೊಡ್ಡಬಳ್ಳಾಪುರದವೆಂದು ಬಲ್ಲವರು ಕಡಿಮೆ. ಮಗ್ಗದಿಂದ ಇಳಿದ ಸೀರೆ ಮಾಲೀಕರ ಕೈಗೆ, ಅಲ್ಲಿಂದ ಬೆಂಗಳೂರಿನ ಚಿಕ್ಕಪೇಟೆಯ ಸಗಟು ಮಳಿಗೆಗೆ, ಅಲ್ಲಿಂದ ಯಾವುದೋ ಊರಿನ ಅಂಗಡಿಗೆ ತಲುಪುವಷ್ಟರಲ್ಲಿ ನೇಯ್ದವರ ಹೆಸರೂ, ವಿನ್ಯಾಸ ರಚಿಸಿದವರ ಹೆಸರೂ, ಊರಿನ ಹೆಸರೂ ಕಳಚಿಹೋಗಿರುತ್ತವೆ. ಉಳಿಯುವುದು ಬೆಲೆಯ ಚೀಟಿ ಮಾತ್ರ.

ಊರಿನ ನೇಕಾರರು, ವಿನ್ಯಾಸಕಾರರು, ಕಲಾವಿದರು ಸೇರಿ ತಮ್ಮದೇ ಒಂದು ಪುಟ್ಟ ಮಳಿಗೆ ತೆರೆಯಬೇಕೆಂಬ ವಿಚಾರವನ್ನು ತಾವು ಇಂದು ಚರ್ಚಿಸುತ್ತಿದ್ದೀರಿ. ಇದು ವ್ಯಾಪಾರದ ವಿಷಯವಷ್ಟೇ ಅಲ್ಲ, ಪರಿಸರದ ವಿಷಯವೂ ಹೌದು ಎಂದು ಹೇಳುವುದಕ್ಕೆ ಬೆಟ್ಟದ ಸೀಮೆಯವರಾದ ನಾವು ಇಲ್ಲಿಗೆ ಬಂದಿದ್ದೇವೆ.

ನಮ್ಮ ಕಡೆಯ ಒಂದು ಉದಾಹರಣೆ ಕೊಡುತ್ತೇನೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಸಮೀಪ, ಭೀಮನಕೋಣೆಯಲ್ಲಿ, ರಂಗನಿರ್ದೇಶಕ ಪ್ರಸನ್ನ ಅವರ ಪ್ರೇರಣೆಯಿಂದ 1990ರ ದಶಕದಲ್ಲಿ 'ಚರಕ' ಎಂಬ ಮಹಿಳಾ ಸಹಕಾರ ಸಂಘ ಹುಟ್ಟಿತು. ಹಳ್ಳಿಯ ಹೆಣ್ಣುಮಕ್ಕಳು ಕೈಮಗ್ಗದ ನೇಯ್ಗೆ, ಬಣ್ಣಗಾರಿಕೆ, ಹೊಲಿಗೆಗಳನ್ನು ಕಲಿತರು. ಅಡಿಕೆ ಬೇಯಿಸಿದಾಗ ದೊರೆಯುವ ಚೊಗರು, ದಾಳಿಂಬೆಯ ಸಿಪ್ಪೆ ಮುಂತಾದವು ಅಲ್ಲಿ ಬಟ್ಟೆಯ ಬಣ್ಣಗಳಾದವು. ಆ ಬಟ್ಟೆಯನ್ನು ನಗರದವರ ಬಳಿಗೆ ಒಯ್ದದ್ದು 'ದೇಸಿ' ಎಂಬ ಮಳಿಗೆಗಳು. ಇದು ಯಾರ ಕೆಲಸ, ಯಾವ ಬಣ್ಣ ಎಂದು ತಿಳಿದು ಕೊಳ್ಳುವ ಗ್ರಾಹಕ ಇಲ್ಲದಿದ್ದರೆ ಚೊಗರಿನ ಬಣ್ಣ ಪ್ರಯೋಗವಾಗಿಯೇ ಉಳಿಯುತ್ತಿತ್ತು.

ಆದರೆ ಆ ದಾರಿ ಸುಗಮವಾಗಿರಲಿಲ್ಲ. 2017ರಲ್ಲಿ ಜಿಎಸ್‌ಟಿ ಬಂದಾಗ ಕೈ ಉತ್ಪನ್ನಗಳ ಮೇಲಿನ ತೆರಿಗೆಯನ್ನು ವಿರೋಧಿಸಿ ಪ್ರಸನ್ನ ಅವರು ಸತ್ಯಾಗ್ರಹ ನಡೆಸಬೇಕಾಯಿತು. 2020ರಲ್ಲಿ ಚರಕವು ತೀವ್ರ ಹಣಕಾಸಿನ ಮುಗ್ಗಟ್ಟಿಗೆ ಸಿಲುಕಿತು. ಒಳ್ಳೆಯ ಉದ್ದೇಶವೊಂದೇ ಮಗ್ಗವನ್ನು ನಡೆಸಲಾರದು. ದುಡಿಯುವ ಬಂಡವಾಳ ಬೇಕು, ಮಾರಿದ ಮಾಲಿನ ಹಣ ಸಕಾಲದಲ್ಲಿ ಕೈಸೇರಬೇಕು.

ನಮಗೂ ನಿಮಗೂ ಒಂದು ವ್ಯತ್ಯಾಸವಿದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ನಾವು ಕೈಮಗ್ಗದ ಪಕ್ಷದವರು. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆ ಮೀಸಲಿಟ್ಟ 1985ರ ಕಾಯಿದೆ ಕಟ್ಟುನಿಟ್ಟಾಗಿ ಜಾರಿಯಾಗಬೇಕೆನ್ನುವವರು. ನಿಮ್ಮವು ಬಹುಪಾಲು ವಿದ್ಯುತ್ ಮಗ್ಗಗಳು. ಆದರೂ ಮನೆಯಲ್ಲಿಯೇ ಎರಡೋ ನಾಲ್ಕೋ ಮಗ್ಗಗಳನ್ನಿಟ್ಟುಕೊಂಡು ಸಂಸಾರವೆಲ್ಲ ದುಡಿಯುವ ನೇಕಾರ, ದೊಡ್ಡ ಗಿರಣಿಯ ಒಡೆಯನಲ್ಲ. ನಿಮ್ಮ ಮಳಿಗೆ ನಮ್ಮದರ ನಕಲಾಗಬೇಕಿಲ್ಲ. ಸತ್ಯ ಹೇಳಿದರೆ ಸಾಕು. ವಿದ್ಯುತ್ ಮಗ್ಗದ್ದನ್ನು ಕೈಮಗ್ಗದ್ದೆಂದು ಹೇಳಕೂಡದು, ಆರ್ಟ್ ಸಿಲ್ಕನ್ನು ರೇಷ್ಮೆಯೆಂದು ಮಾರಕೂಡದು.

ಇನ್ನು ನೀರಿನ ಮಾತು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಅರ್ಕಾವತಿಯು ನಿಮ್ಮ ತಾಲ್ಲೂಕಿನ ಕೆರೆಗಳನ್ನು ಪೋಣಿಸುತ್ತ ಹೆಸರಘಟ್ಟ, ತಿಪ್ಪಗೊಂಡನಹಳ್ಳಿಗಳತ್ತ ಸಾಗಿ, ಸಂಗಮದಲ್ಲಿ ಕಾವೇರಿಯನ್ನು ಕೂಡಬೇಕಾದ ನದಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೆಸರಘಟ್ಟದಿಂದ, 1930ರ ದಶಕದಿಂದ ತಿಪ್ಪಗೊಂಡನಹಳ್ಳಿಯಿಂದ ಬೆಂಗಳೂರು ಇದರ ನೀರನ್ನು ಕುಡಿಯಿತು. ಇತ್ತೀಚಿನ ವರ್ಷಗಳಲ್ಲಿ ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳಿಗೆ ಪಟ್ಟಣದ ಒಳಚರಂಡಿ ನೀರೂ ಕೈಗಾರಿಕೆಗಳ ತ್ಯಾಜ್ಯವೂ ಸೇರುತ್ತಿರುವುದರ ವಿರುದ್ಧ ಅಲ್ಲಿನ ಗ್ರಾಮಸ್ಥರು ಬೀದಿಗಿಳಿದಿದ್ದಾರೆ. ಆ ಮಾಲಿನ್ಯದ ಹೊಣೆಯನ್ನು ನೇಕಾರರ ತಲೆಗೆ ಕಟ್ಟುವುದು ಅನ್ಯಾಯ. ಆದರೆ ನೂಲಿಗೆ ಬಣ್ಣ ಹಾಕಿ ತೊಳೆದ ನೀರು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಯನ್ನು ಈ ಕಸುಬಿನವರು ತಪ್ಪಿಸಿಕೊಳ್ಳುವಂತಿಲ್ಲ. ಹೆಸರಿಲ್ಲದ ಸೀರೆಯನ್ನು ಈ ಪ್ರಶ್ನೆ ಯಾರೂ ಕೇಳುವುದಿಲ್ಲ. ಹೆಸರಿರುವ ಸೀರೆ ಉತ್ತರ ಕೊಡಬೇಕಾಗುತ್ತದೆ. ಸಣ್ಣ ಮಳಿಗೆಯ ದೊಡ್ಡ ಉಪಯೋಗ ಇದೇ.

ಆದುದರಿಂದ ನಮ್ಮ ಸಲಹೆ ಇಷ್ಟು. ಪ್ರತಿ ಬಟ್ಟೆಯ ಚೀಟಿಯಲ್ಲಿ ನೇಯ್ದವರ ಮತ್ತು ವಿನ್ಯಾಸಕಾರರ ಹೆಸರು, ನೂಲಿನ ಬಗೆ, ಮಗ್ಗದ ಬಗೆ, ಬಣ್ಣ ಹಾಕಿದ ಸ್ಥಳ, ನೇಯ್ಗೆಗೆ ಸಂದ ಮಜೂರಿ ಇರಲಿ. ಬಣ್ಣದ ನೀರನ್ನು ಶುದ್ಧೀಕರಿಸದೆ ಹೊರಬಿಡುವವರ ನೂಲು ಮಳಿಗೆಗೆ ಬೇಡ. ಮಾಲು ಕೊಟ್ಟವರಿಗೆ ಗೊತ್ತಾದ ದಿನದಂದು ಹಣ ಸಲ್ಲಲಿ. ಘಾಟಿ ಸುಬ್ರಹ್ಮಣ್ಯಕ್ಕೆ ಹೋಗುವ ಅನೇಕ ಜನ ನಿಮ್ಮ ಊರಿನ ಮೂಲಕ ಹಾದುಹೋಗುತ್ತಾರೆ. ಅವರು ನಿಲ್ಲುವಂಥ ಕಡೆ ಒಂದು ಕೋಣೆ ಸಾಕು. ಗಾಜಿನ ಮಹಲು ಬೇಡ.

ಇದರಿಂದ ಊರಿನ ಎಲ್ಲ ಮಗ್ಗಗಳಿಗೂ ಕೆಲಸ ಸಿಕ್ಕೀತೆಂದು ನಾವು ಆಸೆ ತೋರಿಸುವುದಿಲ್ಲ. ಸಗಟು ವ್ಯಾಪಾರ ನಾಳೆಯೂ ಇರುತ್ತದೆ; ಅಗ್ಗದ ಸೂರತ್ ಸೀರೆಯೂ ಇರುತ್ತದೆ. ಬೆಲೆಯನ್ನು ಇಳಿಸುವ ಪೈಪೋಟಿಯಲ್ಲಿ ಮೊದಲು ಸವೆಯುವುದು ನೇಕಾರನ ಮಜೂರಿ, ಅನಂತರ ಕೆರೆಯ ನೀರು. ಆ ಪೈಪೋಟಿಯಿಂದ ಹತ್ತು ಮಗ್ಗಗಳಾದರೂ ಹೊರಬಂದರೆ, ಉಳಿದವರಿಗೆ ತಮ್ಮ ಮಾಲಿನ ನಿಜವಾದ ಬೆಲೆ ಎಷ್ಟೆಂದು ಹೇಳುವ ಅಳತೆಗೋಲು ಒಂದು ಊರಿನಲ್ಲಿಯೇ ಸಿಕ್ಕಂತಾಗುತ್ತದೆ.

ಮಳಿಗೆಯ ಫಲಕ ಬರೆಸುವ ಮುನ್ನ ಚೀಟಿಯಲ್ಲಿ ಏನಿರಬೇಕೆಂದು ದಯವಿಟ್ಟು ತೀರ್ಮಾನಿಸಿ. ದೊಡ್ಡತುಮಕೂರಿನ ಗ್ರಾಮಸ್ಥರನ್ನೂ ಆ ಸಭೆಗೆ ಕರೆಯಿರಿ.